ಬೋರಮ್ಮ ಬಡಿದ ಮೋಲ್ಡು

ಅರಸೀಕೆರೆಯಲ್ಲಿ ಯಾರ ಮನೆಗೆ ತಾರಸಿ ಏರುತ್ತಿದೆ ಎಂಬುದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕೇಳುತ್ತಿದ್ದ ಕಾಲ ಅದು. ತೊಲೆಗಳ ಮೇಲೆ ಸಣ್ಣ ಇಟ್ಟಿಗೆ ಕೂರಿಸಿ, ಅದರ ಮೇಲೆ ಇಟ್ಟಿಗೆ ಚೂರು ಕಲಸಿದ ಸುಣ್ಣದ ಗಾರೆ ಹರಡಿದರೆ ಗಂಡಸರ ಕೆಲಸ ಮುಗಿಯಿತು. ಮಿಕ್ಕಿದ್ದು ಹೆಂಗಸರದು. ಅವರು ಸಾಲಾಗಿ ಕುಕ್ಕರುಗಾಲಿನಲ್ಲಿ ಕೂತು, ಬೆಲ್ಲ ಮತ್ತು ಅಳಲೆಕಾಯಿ ನೆನೆಹಾಕಿದ ನೀರನ್ನು ಚಿಮುಕಿಸಿಕೊಳ್ಳುತ್ತಾ, ಹಿಡಿಯಿರುವ ಮರದ ಬಡಿಮಣೆಯಿಂದ ಆ ಗಾರೆಯನ್ನು ದಿನಗಟ್ಟಲೆ ಬಡಿಯುತ್ತಿದ್ದರು. ಮೊದಲ ದಿನ ಹಸಿ ಸಗಣಿಯ ಮೇಲೆ ಬಡಿದ ಹಾಗೆ ಸದ್ದು. ಬರಬರುತ್ತಾ ಅದು ಬಿಗಿದು, ಒಂದು ದಿನ ಬಡಿಮಣೆ ತಾನಾಗಿ ಪುಟಿದು ಗಂಟೆಗೆ ಹೊಡೆದಂತೆ ಕೇಳಿದರೆ ತಾರಸಿ ಆಯಿತೆಂದು ಲೆಕ್ಕ. ಅಲ್ಲಿಗೆ ಕೂಲಿ ನಿಂತಿತು. ಆದ್ದರಿಂದ ಆ ಸದ್ದು ಮನೆಯೊಡೆಯನ ಕಿವಿಗೆ ಯಾವಾಗಲೂ ಸ್ವಲ್ಪ ಮುಂಚೆ ಕೇಳುತ್ತಿತ್ತು, ಬಡಿಯುವವರ ಕಿವಿಗೆ ಸ್ವಲ್ಪ ತಡವಾಗಿ.

ಈ ಎರಡು ಕಿವಿಗಳ ನಡುವೆ ನ್ಯಾಯ ಹೇಳುತ್ತಿದ್ದವಳು ಬೋರಮ್ಮ. ಹಾರನಹಳ್ಳಿ ಕಡೆಯ ಕಲ್ಲುಕೆಲಸದವರ ಮಗಳು. ನಡೆಯಲು ಕಲಿತಿದ್ದು ಜಲ್ಲಿ ರಾಶಿಯ ಮೇಲೆ, ಮದುವೆಯಾಗಿ ಬಂದಿದ್ದು ಅರಸೀಕೆರೆಗೆ. ತಾರಸಿ ಬಡಿಯುವ ಹೆಂಗಸರ ಗುಂಪೊಂದು ಅವಳ ಹಿಂದೆ ಇತ್ತು. ಗಂಡ ಸತ್ತವರು, ಗಂಡ ಇದ್ದೂ ಇಲ್ಲದವರು, ಸೊಸೆಯ ಕಾಟಕ್ಕೆ ಮನೆ ಬಿಟ್ಟ ಅತ್ತೆಯರು, ಅತ್ತೆಯ ಕಾಟಕ್ಕೆ ಬಿಟ್ಟ ಸೊಸೆಯರು. ತಾರಸಿಯ ಮೇಲೆ ಎಲ್ಲರೂ ಒಂದೇ ಸಾಲು. ಬೋರಮ್ಮ ಬಗ್ಗಿ, ಬಡಿಮಣೆಯ ಹಿಡಿಯಿಂದ ನಾಲ್ಕು ಕಡೆ ಕುಟ್ಟಿ, ಕತ್ತು ಓರೆ ಮಾಡಿ ಕೇಳಿ, ಆಯಿತು ಎಂದರೆ ಆಯಿತು. ಸಾಹುಕಾರರು ಗೊಣಗಿದರೂ ಅವಳ ಮಾತಿಗೆ ಎದುರಾಡುತ್ತಿರಲಿಲ್ಲ. ಅವಳು ಆಯಿತೆಂದ ತಾರಸಿ ಸೋರಿದ್ದನ್ನು ಯಾರೂ ಕಂಡಿರಲಿಲ್ಲ. ಸೋರಿದ್ದರೂ ಹೇಳಿಕೊಳ್ಳುವವರು ಯಾರು?

ಕಟ್ಟಡದ ಕಸುಬು ಹೊರಗಿನಿಂದ ನೋಡುವವರಿಗೆ ಒಂದೇ. ಒಳಗಿರುವವರಿಗೆ ಅದು ಬೇರೆ ಬೇರೆ ಊರು, ಒಂದಕ್ಕೂ ಇನ್ನೊಂದಕ್ಕೂ ಕೊಡುಕೊಳ್ಳುವಿಕೆ ಕಡಿಮೆ. ಮನೆ ಕಟ್ಟುವವರಿಗೆ ಒಡೆಯನ ಬೈಗುಳ ದಿನವೂ ಸಿಗುತ್ತದೆ, ಆದರೆ ನೆರಳಿರುತ್ತದೆ, ಮಜ್ಜಿಗೆಯೂ ಸಿಗುತ್ತದೆ. ರಸ್ತೆ ಸೇತುವೆಯವರ ಒಡೆಯ ಸರ್ಕಾರ. ಅವನು ಬಂದು ನೋಡುವುದಿಲ್ಲ, ಬೈಯುವುದಿಲ್ಲ, ಮಜ್ಜಿಗೆಯನ್ನೂ ಕೊಡುವುದಿಲ್ಲ. ರೈಲ್ವೆಯವರು ತಮ್ಮನ್ನು ಕೂಲಿಯವರೆಂದುಕೊಳ್ಳುವುದೇ ಇಲ್ಲ. ಇನ್ನು ಹಳೇಬೀಡು ಬೇಲೂರಿನ ಗುಡಿಗಳಲ್ಲಿ ಬಿದ್ದ ಕಲ್ಲನ್ನು ಎತ್ತಿ ಕೂರಿಸುವವರು. ಅವರ ಕೆಲಸದಲ್ಲಿ ಆತುರವೆಂಬುದಿಲ್ಲ, ಒಂದು ಕಲ್ಲಿಗೆ ಒಂದು ಬೇಸಿಗೆ ಹಿಡಿದರೂ ಕೇಳುವವರಿಲ್ಲ. ಬೋರಮ್ಮನ ಗಂಡ ಹನುಮಂತಯ್ಯ ರಸ್ತೆಯವನು. ಬಂಡೆ ಸೀಳಿ ಜಲ್ಲಿ ಮಾಡುವುದು ಅವನ ಕೆಲಸ. ಮನೆಗೆ ಬಂದಾಗಲೆಲ್ಲ ಹೆಂಡತಿಯ ಕಸುಬನ್ನು ಗೇಲಿ ಮಾಡುತ್ತಿದ್ದ. ಅಷ್ಟು ದಿನ ಬಡಿದರೆ ತಾನು ಒಂದು ಗುಡ್ಡವನ್ನೇ ಮಟ್ಟ ಮಾಡುತ್ತೇನೆ ಎನ್ನುತ್ತಿದ್ದ. ಗುಡ್ಡದ ಕೆಳಗೆ ಯಾರಾದರೂ ಮಲಗುತ್ತಾರೇನು ಎಂದು ಅವಳು ಕೇಳಿದರೆ ಮಾತು ಅಲ್ಲಿಗೆ ನಿಲ್ಲುತ್ತಿತ್ತು.

ಐವತ್ತೇಳನೇ ಇಸವಿಯ ಬೇಸಿಗೆಯಲ್ಲಿ ಕೊಬ್ಬರಿ ಮಂಡಿಯ ಸಿದ್ದಬಸಪ್ಪನವರು ಪೇಟೆಬೀದಿಯಲ್ಲಿ ಹೊಸ ಮಂಡಿ ಕಟ್ಟಿಸಲು ಹೊರಟರು. ಸಿದ್ದಬಸಪ್ಪನವರನ್ನು ಅರಿಯಬೇಕಾದರೆ ಅವರು ಕೊಬ್ಬರಿ ಕೊಳ್ಳುವುದನ್ನು ನೋಡಬೇಕು. ಚೀಲದ ಬಾಯಲ್ಲಿದ್ದ ಕೊಬ್ಬರಿ ಗಿಟುಕನ್ನು ಮುಟ್ಟುತ್ತಲೇ ಇರಲಿಲ್ಲ. ಚೀಲವನ್ನು ತಲೆಕೆಳಗು ಮಾಡಿಸಿ ತಳದಲ್ಲಿದ್ದುದನ್ನು ಒಡೆದು ಮೂಸುತ್ತಿದ್ದರು. ಮೋಸ ಎಲ್ಲಿರುತ್ತದೆಂದು ಅವರಿಗೆ ಗೊತ್ತಾಗಿದ್ದು ಪುಸ್ತಕ ಓದಿ ಅಲ್ಲ.

ಹೊಸ ಮಂಡಿಯ ತಾರಸಿ ನಿನ್ನದೇ ಎಂದು ಅವರು ಬೋರಮ್ಮನಿಗೆ ಹಬ್ಬದ ದಿನವೇ ಮಾತು ಕೊಟ್ಟಿದ್ದರು. ಆ ಮಾತಿನ ಮೇಲೆ ಬೋರಮ್ಮ ಬೇಲೂರಿನ ಹತ್ತಿರದ ಸೇತುವೆ ಕೆಲಸದ ಕರೆಯನ್ನು ಬಿಟ್ಟಳು. ಬಿಕ್ಕೋಡಿನ ಕಾಫಿ ತೋಟಕ್ಕೆ ಹೊರಟಿದ್ದ ಮಹದೇವಮ್ಮನನ್ನು ತಡೆದು ನಿಲ್ಲಿಸಿದಳು. ಮಹದೇವಮ್ಮ ಗುಂಪಿನಲ್ಲಿ ಬಾಯಿ ಜೋರಿನವಳು. ಅವಳು ಹೋದರೆ ಹಿಂದೆಯೇ ಅರ್ಧ ಗುಂಪು ಹೋಗುತ್ತಿತ್ತು, ತೋಟಕ್ಕೆ ಹೋದವರು ತಿರುಗಿ ಬರುವುದು ಕಡಿಮೆ. ಈ ತಾರಸಿ ಕೈತಪ್ಪಿದರೆ ಗುಂಪು ಒಡೆಯುತ್ತದೆ ಎಂಬುದು ಬೋರಮ್ಮನಿಗೆ ಚೆನ್ನಾಗಿ ತಿಳಿದಿತ್ತು. ಗುಂಪಿಲ್ಲದ ಬೋರಮ್ಮನ ಕಿವಿಯನ್ನು ಯಾರು ಕೇಳುತ್ತಾರೆ?

ಕೆಲಸದ ಗುತ್ತಿಗೆ ಹಿಡಿದವನು ವರದರಾಜ. ಬೇಲೂರಿನ ಅಯ್ಯಂಗಾರರ ಮನೆಯ ಹುಡುಗ, ಓವರ್ಸಿಯರ್ ಓದಿದವನು. ಅವನ ಹಿರಿಯರು ತಲೆತಲಾಂತರದಿಂದ ದೇವರ ಸೇವೆ ಮಾಡಿದ್ದು ಕಲ್ಲಿನ ಚಾವಣಿಯ ಕೆಳಗೆ. ಇವನಿಗೆ ಮಾತ್ರ ಕಲ್ಲಾಗಲಿ ಮರವಾಗಲಿ ಸುಣ್ಣವಾಗಲಿ ಕಣ್ಣಿಗೆ ಬೀಳುತ್ತಿರಲಿಲ್ಲ. ಸಿಮೆಂಟು, ಕಂಬಿ, ಜಲ್ಲಿ, ಅಷ್ಟೇ. ಅರಸೀಕೆರೆಯ ಪೇಟೆಗೆ ಮೊದಲ ಮೋಲ್ಡು ತಾರಸಿ ತನ್ನ ಕೈಯಿಂದಲೇ ಆಗಬೇಕೆಂದು ಪಣ ತೊಟ್ಟಿದ್ದ. ಸಿಮೆಂಟಿನ ಪರ್ಮಿಟ್ಟಿಗಾಗಿ ಹಾಸನಕ್ಕೂ ಅರಸೀಕೆರೆಗೂ ಓಡಾಡಿ ಚಪ್ಪಲಿ ಸವೆಸಿದ್ದ. ಸಿದ್ದಬಸಪ್ಪನವರು ಒಪ್ಪಿದ್ದು ಸಿಮೆಂಟಿನ ಮೇಲಿನ ನಂಬಿಕೆಯಿಂದಲ್ಲ. ಎದುರಂಗಡಿಯ ಕೊಬ್ಬರಿ ವ್ಯಾಪಾರಿಗೆ ಅಂಥ ತಾರಸಿ ಇರಲಿಲ್ಲ, ಅದಕ್ಕೆ.

ಮೋಲ್ಡು ಹಾಕುವ ದಿನ ಬೋರಮ್ಮನ ಗುಂಪಿಗೇ ಬಾಂಡ್ಲಿ ಸಾಗಿಸುವ ಕೆಲಸ ಸಿಕ್ಕಿತು. ಹಲಗೆ ಹೊದಿಸಿ ಕೆಳಗೆ ಕಾಡಿನಂತೆ ಸರ್ವೆ ಮರದ ಗಳಗಳನ್ನು ಆಸರೆಗೆ ನಿಲ್ಲಿಸಿದ್ದರು. ಹಲಗೆಯ ಮೇಲೆ ಕಂಬಿಯ ಬಲೆ. ಬೂದಿ ಬಣ್ಣದ ಗಂಜಿಯನ್ನು ಕೈಯಿಂದ ಕೈಗೆ ಏಣಿ ಹತ್ತಿಸಿ ಸುರಿದೇ ಸುರಿದರು. ಹೊತ್ತು ಮುಳುಗುವುದರೊಳಗೆ ಮೇಸ್ತ್ರಿ ಹಲಗೆಯೆಳೆದು ಮಟ್ಟ ಮಾಡಿದ. ವರದರಾಜ ತೊಟ್ಟಿಯಲ್ಲಿ ಕೈ ತೊಳೆದು, ಆಯಿತು, ನೀವೆಲ್ಲ ಹೊರಡಿ ಎಂದ. ಬೋರಮ್ಮನಿಗೆ ಅರ್ಥವಾಗಲಿಲ್ಲ. ಆಯಿತು ಎಂದು ಹೇಳಬೇಕಾದವಳು ಅವಳು. ಅದೂ ಇನ್ನೂ ಎಷ್ಟೋ ದಿನದ ಮೇಲೆ. ಅವನನ್ನು ಕೇಳೋಣವೆಂದರೆ ಅವನು ಆಗಲೇ ಸಿದ್ದಬಸಪ್ಪನವರನ್ನು ಪಕ್ಕಕ್ಕೆ ಕರೆದು ಪಿಸುಮಾತಿನಲ್ಲಿ ಏನೋ ಹೇಳುತ್ತಿದ್ದ. ತಂದೆಯ ವರ್ಷಾಬ್ದಿಕವಿತ್ತು, ಬೇಲೂರಿನ ಕೊನೆಯ ಬಸ್ಸು ಹಿಡಿಯಬೇಕಿತ್ತು. ಹೇಳಿದವನೇ ಓಡಿದ.

ಅವನು ಹೇಳಿದ್ದಿಷ್ಟೆ: ನಾಳೆಯಿಂದ ಪಾತಿ ಕಟ್ಟಿ ನೀರು ನಿಲ್ಲಿಸಿ, ನಾನು ಬರುವವರೆಗೆ ಯಾರೂ ಮೇಲೆ ಹತ್ತಕೂಡದು. ಬೇರೆಯವರಿಗಾದರೆ ಇದು ಬರೀ ಎಚ್ಚರಿಕೆಯ ಮಾತು. ಜೀವಮಾನವಿಡೀ ಚೀಲದ ತಳ ಮೂಸಿದ ಸಿದ್ದಬಸಪ್ಪನವರಿಗೆ ಅದರಲ್ಲಿ ಬೂಷ್ಟಿನ ವಾಸನೆ ಬಂತು. ಯಾರೂ ಹತ್ತಕೂಡದು ಏಕೆ? ಹತ್ತಿದರೆ ಏನು ಕಾಣುತ್ತದೆ? ತಾರಸಿಯೆಂದ ಮೇಲೆ ಬಡಿಯಬೇಕು, ಬಡಿಸದೆ ಕೂಲಿ ಉಳಿಸಿಕೊಂಡು ಬಸ್ಸು ಹತ್ತಿದ್ದಾನೆ. ತಾವು ಆ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದರೋ ಅದನ್ನೇ ಆ ಹುಡುಗ ಮಾಡಿದ್ದಾನೆಂದು ಅವರಿಗೆ ಅನುಮಾನವೇ ಉಳಿಯಲಿಲ್ಲ. ಪಕ್ಕದಲ್ಲೇ ಇದ್ದ ಮನೆಯೊಳಗೆ ಹೋಗಿ ತಾಯಿ ರುದ್ರಮ್ಮನವರಿಗೆ ಹೇಳಿದರು. ಬಡಿಯದ ಸೂರಿನ ಕೆಳಗೆ ತಾನು ಕಾಲಿಡುವವಳಲ್ಲ ಎಂದು ಆ ಮುದುಕಿ ಅಲ್ಲಿಯೇ ತೀರ್ಪು ಕೊಟ್ಟರು.

ಬೋರಮ್ಮ ಇನ್ನೂ ಬೀದಿಯಲ್ಲೇ ನಿಂತಿದ್ದಳು. ಸಿದ್ದಬಸಪ್ಪನವರು ಅವಳನ್ನು ಕರೆದು ಹೇಳಿದರು.

"ನಾಳೆ ಬೆಳಿಗ್ಗೇನೇ ನಿನ್ನ ಹೆಂಗಸ್ರನ್ನ ಕರ್ಕೊಂಡು ಬಾ ಬೋರಮ್ಮ. ಆ ಅಯ್ಯಂಗಾರಿ ಬೇಲೂರಿಂದ ಬರೋದ್ರೊಳಗೆ ಬಡ್ದು ಮುಗಿಸ್ಬಿಡಿ."

ಬರುವುದರೊಳಗೆ ಏಕೆ ಎಂದು ಅವಳು ಕೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಹಿಂದೆ ಮಹದೇವಮ್ಮ ತೋಟದ ಬಸ್ಸಿನ ಮಾತು ಎತ್ತಿದ್ದು ಕೇಳಿಸಿತು. ಬೋರಮ್ಮ ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ರುದ್ರಮ್ಮನವರು ಏಣಿಯ ಬುಡದಲ್ಲಿ ನಿಂತು ಪ್ರತಿಯೊಂದು ಬಡಿಮಣೆಗೂ ಅರಿಶಿನ ಕುಂಕುಮ ಹಚ್ಚಿದರು. ಮೇಲೆ ಹತ್ತಿದ ಬೋರಮ್ಮ ರೂಢಿಯಂತೆ ಹೆಬ್ಬೆರಳು ಒತ್ತಿ ನೋಡಿದಳು. ಗಾರೆಯಲ್ಲಾದರೆ ಬೆರಳು ಇಳಿಯಬಾರದು, ಗುರುತು ಮಾತ್ರ ಬೀಳಬೇಕು. ಇಲ್ಲಿ ಗುರುತೂ ಬೀಳಲಿಲ್ಲ. ರಾತ್ರಿ ಕಳೆಯುವುದರೊಳಗೆ ಗಾರೆ ಇಷ್ಟು ಬಿಗಿದಿದ್ದನ್ನು ಅವಳು ಕಂಡಿರಲಿಲ್ಲ. ಸಾಲಾಗಿ ಕೂತರು, ಪದ ಎತ್ತಿಕೊಂಡರು, ಬಡಿದರು.

ಮೊದಲ ಏಟಿಗೇ ಅದು ಗಂಟೆಯಂತೆ ಕೇಳಿತು. ಪದ ಅಲ್ಲಿಗೇ ನಿಂತಿತು. ಮಹದೇವಮ್ಮ ಬಡಿಮಣೆಯನ್ನು ಎತ್ತಿ ಅದರ ಹೊಟ್ಟೆ ನೋಡಿದಳು, ಅಲ್ಲಿ ಏನೋ ಕೂತಿದೆಯೇನೋ ಎಂಬಂತೆ. ಕೊನೆಯ ದಿನ ಕೇಳಬೇಕಾದ ಸದ್ದು ಮೊದಲ ದಿನವೇ ಕೇಳಿದರೆ ಏನು ಮಾಡಬೇಕೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗಲೇ ಆಯಿತೆಂದರೆ ಕೂಲಿಯೂ ಆಯಿತು. ಬೋರಮ್ಮ ಮುಖ ಗಂಟು ಹಾಕಿಕೊಂಡು, ಹೂಂ ಬಡೀರಿ ಎಂದಳು. ಬಡಿದರು. ಬಿಸಿಲು ಏರುತ್ತಾ ಬಂದಂತೆ ಸದ್ದು ಇಳಿಯುತ್ತಾ ಬಂತು. ಗಂಟೆಯಂತಿದ್ದುದು ಮಡಕೆಯಂತಾಯಿತು, ಮಡಕೆಯಂತಿದ್ದುದು ಸೀಳಿದ ಮಡಕೆಯಂತಾಯಿತು. ಎಲ್ಲ ತಾರಸಿಗಳೂ ಹೋಗುವ ದಾರಿಯಲ್ಲಿ ಇದು ಹಿಂದುಮುಂದಾಗಿ ನಡೆಯುತ್ತಿತ್ತು. ಆಮೇಲೆ ನೀರು ಇಂಗಿದ ಕೆರೆಯ ಅಂಗಳದಂತೆ ಸಣ್ಣ ಬಿರುಕುಗಳು ಎದ್ದವು.

ಗಾರೆಯಲ್ಲಿಯೂ ಬಿರುಕು ಬರುತ್ತದೆ, ಬಡಿದರೆ ಕೂಡಿಕೊಳ್ಳುತ್ತದೆ. ಬೋರಮ್ಮ ಉಳಿದವರನ್ನು ನಿಲ್ಲಿಸಿ ತಾನೊಬ್ಬಳೇ ಒಂದು ಮೂಲೆಯಲ್ಲಿ ಮೆಲ್ಲಗೆ ಬಡಿದು ನೋಡಿದಳು. ಬಿರುಕು ಕೂಡಲಿಲ್ಲ, ಬಾಯಿ ಬಿಟ್ಟಿತು. ಇಷ್ಟು ವರ್ಷ ಬಡಿದದ್ದು ಗಟ್ಟಿಯಾಗುವುದನ್ನೇ ನೋಡಿದ್ದ ಹೆಂಗಸು, ತನ್ನ ಏಟಿಗೆ ಸೂರು ಸಾಯುವುದನ್ನು ನೋಡುತ್ತಿದ್ದಳು. ಎಲ್ಲರನ್ನೂ ಇಳಿಸಿದಳು. ಕೆಳಗೆ ಸಿದ್ದಬಸಪ್ಪನವರಿಗೆ ಹೇಳಿದಾಗ ಅವರು ಮೇಲೆ ಹತ್ತಿ ನೋಡಿ ಬಂದು, ಎದುರಂಗಡಿಯ ವ್ಯಾಪಾರಿಯ ಕಡೆ ನೋಡಿದರು. ಕೊನೆಗೆ, ಮೇಲೆ ನೀರು ತುಂಬಿಸಿ ಬಿಡಿ, ನೀರಿನ ಕೆಳಗೆ ಯಾರಿಗೆ ಕಾಣುತ್ತದೆ ಎಂದರು.

ವರದರಾಜ ಬಂದವನು ನೀರಿನ ಕೆಳಗೇ ನೋಡಿದ. ಪಾತಿಯ ನೀರಿನಲ್ಲಿ ಕೈಯಿಟ್ಟು ತಡವಿದ, ಬಡಿಮಣೆಯ ಗುರುತುಗಳು ಮೀನಿನ ಹುರುಪೆಯಂತೆ ಸಾಲು ಸಾಲಾಗಿ ಸಿಕ್ಕಿದವು. ಏಣಿ ಇಳಿದು ಜಲ್ಲಿಯ ರಾಶಿಯ ಮೇಲೆ ಕುಸಿದ. ಅವನ ಮುಖ ನೋಡಿ ಬೀದಿಯವರು ಯಾರೋ ಸತ್ತರೆಂದುಕೊಂಡು ಸೇರಿದರು. ಯಾರು ಬಡಿದದ್ದು ಎಂದು ಅವನು ಕೇಳಿದ್ದು ಬೀದಿಗೆಲ್ಲ ಕೇಳಿತು.

ಸಿದ್ದಬಸಪ್ಪನವರು ಹೆಗಲ ವಸ್ತ್ರವನ್ನು ಸರಿ ಮಾಡಿಕೊಂಡು, ಯಾವ ತೊದಲೂ ಇಲ್ಲದೆ ಹೇಳಿದರು.

"ಈ ಹೆಂಗಸ್ರ ರೂಢಿ ಬಲ ನೋಡ್ರೀ ಅಯ್ಯಂಗಾರ್ರೇ. ಹೇಳ್ದೆ ಕೇಳ್ದೆ ಹತ್ಬಿಟ್ಟವ್ರೆ. ನಾನು ಹಳೇ ಮಂಡೀಲಿದ್ದೆ."

ಬೋರಮ್ಮ ಅಲ್ಲೇ ನಿಂತಿದ್ದಳು. ಅವಳಿಗೆ ಮೊದಲು ಸಿಟ್ಟೇ ಬರಲಿಲ್ಲ. ಯಾವ ಹೆಂಗಸರ ಬಗ್ಗೆ ಇವರು ಹೇಳುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದಳು. ಹಿಂದೆ ಇದ್ದವರು ತನ್ನವರೇ. ಸಾಹುಕಾರರು ಕೂಲಿ ಮುರಿದುಕೊಳ್ಳುವುದು, ಮಜ್ಜಿಗೆಗೆ ನೀರು ಹೊಯ್ಯುವುದು ಅವಳಿಗೆ ಹೊಸದಲ್ಲ. ಆದರೆ ಕಣ್ಣೆದುರು ಕರೆದವರು ಕಣ್ಣೆದುರೇ ಕರೆಯಲಿಲ್ಲವೆನ್ನುವುದನ್ನು ಅವಳು ಇದೇ ಮೊದಲು ಕೇಳಿದ್ದು. ಬೀದಿಯವರು ಆಗಲೇ ತಲೆಯಾಡಿಸುತ್ತಿದ್ದರು. ಈ ಮಾತು ಸಂಜೆಯೊಳಗೆ ರೈಲು ಹತ್ತಿ ಕಡೂರು ತಲುಪುತ್ತದೆ. ಹೇಳದೆ ಕೇಳದೆ ಸೂರು ಒಡೆಯುವ ಬೋರಮ್ಮನ ಗುಂಪನ್ನು ಇನ್ನು ಯಾರೂ ಏಣಿ ಹತ್ತಿಸುವುದಿಲ್ಲ. ಅವಳು ಸಾಹುಕಾರರ ಕಡೆ ನೋಡದೆ ನೇರವಾಗಿ ವರದರಾಜನನ್ನು ಕೇಳಿದಳು.

"ಅಯ್ನೋರೆ, ಬಡಿದೋರು ನಾವೇಯ. ಬಡೀಬ್ಯಾಡಿ ಅಂತ ನೀವು ಯಾರಿಗೆ ಹೇಳಿದ್ರಿ?"

ವರದರಾಜ ಹೇಳಿದ್ದು ಒಬ್ಬರಿಗೇ. ಮೇಲೆ ಹತ್ತುವವರಿಗೆ ಹೇಳಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಸಾಹುಕಾರರಿಗೆ ಹೇಳಿದ್ದೆ, ಯಾರೂ ಹತ್ತಬಾರದೆಂದು ಹೇಳಿಯೇ ಹೋದೆ ಎಂದ. ಬೀದಿಯ ಕಣ್ಣುಗಳೆಲ್ಲ ಒಟ್ಟಿಗೆ ಸಿದ್ದಬಸಪ್ಪನವರ ಮೇಲೆ ತಿರುಗಿದವು. ಅವರು ಅದು ಇದು ಎನ್ನುತ್ತಿರುವಾಗಲೇ ಪಕ್ಕದ ಮನೆಯ ಬಾಗಿಲ ಸಂದಿಯಿಂದ ರುದ್ರಮ್ಮನವರು ಹೊರಗೆ ಬಂದರು. ಬೋರಮ್ಮನ ಮೇಲಿನ ಕನಿಕರದಿಂದ ಬಂದವರಲ್ಲ. ಬಡಿಮಣೆಗೆ ತಾವು ಹಚ್ಚಿದ ಕುಂಕುಮವನ್ನು ಮಗ ಬೀದಿಯಲ್ಲಿ ಇಲ್ಲವೆಂದದ್ದು ಅವರಿಗೆ ತಡೆಯಲಾಗಲಿಲ್ಲ.

"ಹೇಳ್ದೆ ಕೇಳ್ದೆ ಬಂದೋರಿಗೆ ನಾನು ಕುಂಕ್ಮ ಹಚ್ಚಿದ್ನೇನ್ಲಾ ಸಿದ್ದ?"

ಮಂಡಿಯ ಸಿದ್ದಬಸಪ್ಪನವರನ್ನು ಪೇಟೆಬೀದಿಯಲ್ಲಿ ಏನ್ಲಾ ಎಂದವರು ಅದುವರೆಗೆ ಯಾರೂ ಇರಲಿಲ್ಲ. ಎದುರು ಅಂಗಡಿಯ ವ್ಯಾಪಾರಿ ನಗು ತಡೆಯಲಾರದೆ ಒಳಗೆ ಹೋದ.

ಆದರೆ ಸುಳ್ಳು ಬಯಲಾದದ್ದರಿಂದ ಬಿರುಕು ಕೂಡಿಕೊಳ್ಳಲಿಲ್ಲ. ಇದನ್ನು ಒಡೆಯಲೇಬೇಕೆಂದು ವರದರಾಜ ಹೇಳಿದ. ಗಳ ತೆಗೆದ ದಿನ ಯಾರ ತಲೆಯ ಮೇಲಾದರೂ ಬಿದ್ದರೆ ತಾನು ಬದುಕಿರಲಾರೆ ಎಂದ. ಇನ್ನೂ ಮೀಸೆ ಸರಿಯಾಗಿ ಬಲಿಯದ ಆ ಓವರ್ಸಿಯರನ ಕಣ್ಣಲ್ಲಿ ನೀರಿತ್ತು. ಒಡೆಯಲು ಜನ ಬೇಕಲ್ಲ. ಬೋರಮ್ಮ ತಾನೇ ಮುಂದೆ ಬಂದಳು. ನಮ್ಮ ಏಟಿಗೆ ಕೆಟ್ಟದ್ದನ್ನು ನಾವೇ ಇಳಿಸುತ್ತೇವೆ, ನಮ್ಮ ಮನೆಯವನು ಬಂಡೆ ಒಡೆಯುವವನು ಎಂದಳು. ಸುಳ್ಳು ಹೇಳಿದವರು ಸಾಹುಕಾರರೇ ಆದರೂ ಕೆಟ್ಟ ಹೆಸರು ಅರ್ಧ ತನ್ನ ಮೇಲೆಯೇ ಉಳಿದಿದೆ ಎಂದು ಅವಳಿಗೆ ಗೊತ್ತಿತ್ತು. ಜನ ಸುಳ್ಳನ್ನು ಬೇಗ ಮರೆಯುತ್ತಾರೆ, ಬಿರುಕನ್ನಲ್ಲ.

ಹನುಮಂತಯ್ಯ ರಸ್ತೆ ಕೆಲಸದಿಂದ ರಜ ಹಾಕಿ ಸುತ್ತಿಗೆ ಹೊತ್ತು ಬಂದ. ಹೆಂಗಸರು ಬಡಿದೇ ಹಾಳಾದ ಸೂರಿಗೆ ಸುತ್ತಿಗೆ ಯಾಕೆ, ಕೆಮ್ಮಿದರೆ ಉದುರುತ್ತದೆ ಎಂದು ಬೀದಿಯವರನ್ನು ನಗಿಸಿದ. ಮೇಲೆ ಹತ್ತಿ ಅಂಚಿನಲ್ಲಿ ಉಳಿ ಇಟ್ಟು ಹೊಡೆದ. ಮೇಲಿನ ಹೊದಿಕೆ ಹಪ್ಪಳದಂತೆ ಎದ್ದಿತು. ಎರಡನೆಯ ಏಟಿಗೂ ಎದ್ದಿತು. ಅದರ ಕೆಳಗೆ ಉಳಿ ತಾಗಿದಾಗ ಕಿಡಿ ಹಾರಿತು. ಅವನು ಉಳಿಯ ಮೊನೆ ನೋಡಿಕೊಂಡು ಜಾಗ ಬದಲಿಸಿದ. ಅಲ್ಲಿಯೂ ಕಿಡಿ. ಮಧ್ಯಕ್ಕೆ ಬಂದು ಸುತ್ತಿಗೆಯನ್ನೇ ಎತ್ತಿ ಹಾಕಿದ. ಸುತ್ತಿಗೆಯ ಕಾವು ಮುರಿದು ತಲೆ ಹಾರಿ ಬೀದಿಗೆ ಬಿತ್ತು. ನಗುತ್ತಿದ್ದವರೆಲ್ಲ ದೂರ ಸರಿದರು.

ಹನುಮಂತಯ್ಯ ಮುರಿದ ಕಾವನ್ನು ತಿರುಗಿಸಿ ನೋಡಿ ಪಕ್ಕಕ್ಕೆ ಇಟ್ಟ. ಬಂಡೆಗಳ ಬಗ್ಗೆ ಅವನಿಗೆ ಒಂದು ಅಹಂಕಾರವಿತ್ತು. ಅದು ಆ ದಿನ ಪೇಟೆಬೀದಿಯಲ್ಲಿ ಇಳಿಯಿತು.

"ಇದು ಒಡೆಯಕಿಲ್ಲ ಕಣಮ್ಮಿ. ನೀವು ಬಡಿದಿದ್ದು ಬರೀ ಇದ್ರ ಚರ್ಮವ."

ವರದರಾಜ ಬಂದು ಮಂಡಿಯೂರಿ ನೋಡಿದ. ಎದ್ದ ಪದರವನ್ನು ಬೆರಳಲ್ಲಿ ಅಳೆದ, ಕೆಳಗಿನದನ್ನು ಕುಟ್ಟಿದ, ಮತ್ತೆ ಕುಟ್ಟಿದ. ಆಮೇಲೆ ಬೋರಮ್ಮನ ಮುಖ ನೋಡಿದ. ಕೇಳಬೇಕೋ ಬೇಡವೋ ಎಂದು ತೋಚದವನಂತೆ, ಇದು ಹೇಗೆ ಕೇಳುತ್ತದೆ ಹೇಳು ಎಂದು ಬಡಿಮಣೆಯನ್ನು ಅವಳ ಕೈಗೆ ಕೊಟ್ಟ. ಅವಳು ಚರ್ಮ ಎದ್ದ ಜಾಗದಲ್ಲಿ ಹಿಡಿಯಿಂದ ಕುಟ್ಟಿ ಕತ್ತು ಓರೆ ಮಾಡಿದಳು. ಗಂಟೆ. ಅವಳು ತಲೆಯಾಡಿಸಿದಳೇ ಹೊರತು ಆಯಿತು ಎನ್ನಲಿಲ್ಲ. ಈ ಸೂರಿನ ವಿಷಯದಲ್ಲಿ ತನ್ನ ಕಿವಿಯನ್ನು ನಂಬಬಹುದೋ ಇಲ್ಲವೋ ಎಂಬುದೇ ಅವಳಿಗೆ ತಿಳಿಯದಾಗಿತ್ತು.

ಒಡೆಯುವುದು ನಿಂತಿತು. ಕೆಟ್ಟ ಹೊದಿಕೆಯನ್ನು ಕೆತ್ತಿ ತೆಗೆದು ಸಿಮೆಂಟಿನ ಹೊಸ ಪದರ ಹಾಕಿದರು. ವರದರಾಜ ಈ ಸಲ ಪ್ರತಿಯೊಬ್ಬ ಹೆಂಗಸನ್ನೂ ಕೂಗಿ ಕರೆದು, ಇದನ್ನು ಬಡಿಯಬಾರದು, ನೀರು ಕುಡಿಸಬೇಕು ಎಂದು ಹೇಳಿದ. ಮಹದೇವಮ್ಮನಿಗೆ ಎರಡು ಸಲ ಹೇಳಿದ. ನಮಗೆ ಕಿವಿ ಐತೆ ಸ್ವಾಮಿ, ಇಲ್ಲದೋರಿಗೆ ಹೇಳಿ ಎಂದು ಅವಳು ಸಾಹುಕಾರರ ಹಳೇ ಮಂಡಿಯ ಕಡೆ ಗದ್ದ ಎತ್ತಿ ತೋರಿಸಿದಳು.

ಗಳ ತೆಗೆಯುವ ದಿನ ಬಂತು. ಸಿದ್ದಬಸಪ್ಪನವರು ಬೀದಿಯ ಆಚೆ ಬದಿಗೆ, ಯಾರ ಅಂಗಡಿಯ ಕಡೆ ನೋಡಲೂ ನಾಚುತ್ತಿದ್ದರೋ ಅವರ ಜಗಲಿಗೇ ಹೋಗಿ ಕೂತರು. ಹನುಮಂತಯ್ಯ ಅಂಚಿನಿಂದ ಒಂದೊಂದೇ ಗಳ ಹೊಡೆದು ಕೆಡವುತ್ತಾ ಬಂದ. ಮಧ್ಯದ ಗಳಗಳು ಮಾತ್ರ ಉಳಿದಾಗ ವರದರಾಜ ಅವನನ್ನು ಹೊರಗೆ ಕಳಿಸಿ ತಾನೇ ಒಳಗೆ ನಿಂತ. ಯಾರು ಕರೆದರೂ ಬರಲಿಲ್ಲ. ಬೋರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋಗಿ ಅವನ ಪಕ್ಕದಲ್ಲಿ ನಿಂತಳು. ಧೈರ್ಯದಿಂದೇನೂ ಅಲ್ಲ. ಬಿದ್ದರೆ ಅವಳ ಹೆಸರೂ ಬೀಳುತ್ತದೆ, ಹೊರಗೆ ನಿಂತು ಅದನ್ನು ನೋಡಲು ಅವಳಿಗೆ ಇಷ್ಟವಿರಲಿಲ್ಲ. ಅಮ್ಮಾ ನೀವು ಹೊರಗೆ ಹೋಗಿ ಎಂದ ವರದರಾಜ. ಮೊದಲ ಸಲ ಅವಳನ್ನು ಬಹುವಚನದಲ್ಲಿ ಕರೆದಿದ್ದ, ಅದೂ ಸಾಯುವ ಹೊತ್ತಿನಲ್ಲಿ ಎಂದು ಅವಳು ಆಮೇಲೆ ಹೇಳಿಕೊಂಡು ನಗುತ್ತಿದ್ದಳು. ಕೊನೆಯ ಗಳ ಬಿತ್ತು. ಧೂಳು ಎದ್ದಿತು.

ಏನೂ ಆಗಲಿಲ್ಲ. ಅಷ್ಟು ದೊಡ್ಡ ಸೂರು, ಕೆಳಗೆ ಒಂದು ಕಂಬವೂ ಇಲ್ಲದೆ ಸುಮ್ಮನೆ ನಿಂತಿತ್ತು. ಬಿದ್ದಿದ್ದರೂ ಪೇಟೆಯವರು ಇಷ್ಟು ದಂಗಾಗುತ್ತಿರಲಿಲ್ಲ.

ಇದಾದ ಮೇಲೆ ನಡೆದದ್ದು ಬೋರಮ್ಮನನ್ನು ಎಲ್ಲಕ್ಕಿಂತ ಹೆಚ್ಚಾಗಿ ಬೆಚ್ಚಿಬೀಳಿಸಿತು. ಪೇಟೆಯವರು ತಮ್ಮೊಳಗೇ ಕೂಡಿಸಿ ಕಳೆದು ಒಂದು ತೀರ್ಮಾನಕ್ಕೆ ಬಂದರು. ಮೋಲ್ಡು ಹಾಕಿದರು, ಬೋರಮ್ಮ ಬಡಿದಳು, ಆಮೇಲೆ ಬಂಡೆ ಒಡೆಯುವವನ ಸುತ್ತಿಗೆಯೇ ಮುರಿಯಿತು. ಎಂದ ಮೇಲೆ ಗಟ್ಟಿ ಬಂದದ್ದು ಎಲ್ಲಿಂದ? ಸಿದ್ದಬಸಪ್ಪನವರು ಮೊದಲು ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದವರು, ಈ ಮಾತು ಕಿವಿಗೆ ಬಿದ್ದ ಮೇಲೆ ಎದೆಯೆತ್ತಿ ನಡೆಯತೊಡಗಿದರು. ತಾವೇ ಹೇಳಿ ಬಡಿಸಿದ್ದು ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ವರದರಾಜನಿಂದಲೇ ಮೋಲ್ಡು ಹಾಕಿಸಲು ಹೊರಟ ಎದುರಂಗಡಿಯ ವ್ಯಾಪಾರಿ ಏಕಾಂತಯ್ಯ ಬೋರಮ್ಮನ ಗುಡಿಸಲಿನವರೆಗೆ ಬಂದ. ನನ್ನದನ್ನು ಸಿದ್ದಬಸಪ್ಪನದಕ್ಕಿಂತ ಹೆಚ್ಚು ಬಡಿಯಬೇಕು ಎಂದ. ಅವಳು ದಿಗಿಲಿನಿಂದ, ಬಡಿಯಬಾರದು ಸಾವ್ಕಾರ್ರೇ, ಬಡಿದರೆ ಕೆಡುತ್ತದೆ ಎಂದಳು. ಅವನು ನಕ್ಕ. ಬೇಡಿಕೆ ಬಂದಾಗ ಬಿಗಿಯಾಗಿರುವುದು ವ್ಯಾಪಾರಿಗೆ ಗೊತ್ತಿಲ್ಲದ ವಿದ್ಯೆಯೇ ಎಂದುಕೊಂಡು, ಮತ್ತಷ್ಟು ಮರ್ಯಾದೆಯಿಂದ ಕೇಳಿದ. ಬೋರಮ್ಮ ಹೋಗಿ ವರದರಾಜನಿಗೆ ಹೇಳಿದರೆ ಅವನು ತಲೆ ಮೇಲೆ ಕೈ ಹೊತ್ತು ಕೂತ. ತಾನಿಲ್ಲದ ಹೊತ್ತು ನೋಡಿ ಏಕಾಂತಯ್ಯ ಬೇರೆ ಯಾರನ್ನಾದರೂ ಹತ್ತಿಸಿ ಬಡಿಸಿಯೇ ತೀರುತ್ತಾನೆ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಅದಕ್ಕಿಂತ ದೊಡ್ಡ ಚಿಂತೆ ನೀರಿನದು. ಯಾವ ಒಡೆಯನೂ ಮೋಲ್ಡಿಗೆ ಸರಿಯಾಗಿ ನೀರು ನಿಲ್ಲಿಸುವುದಿಲ್ಲ. ಎರಡು ದಿನ ಸುರಿದು, ಇಷ್ಟು ಗಟ್ಟಿಯಾಗಿದೆಯಲ್ಲ ಎಂದು ಬಿಡುತ್ತಾರೆ ಎಂದು ಗೋಳಾಡಿದ.

ಬೋರಮ್ಮ ಒಂದು ದಿನ ಪೂರ್ತಿ ಅದನ್ನೇ ಯೋಚಿಸಿದಳು. ಮಹದೇವಮ್ಮ ಮತ್ತೆ ತೋಟದ ಮಾತು ಎತ್ತಿದ್ದಳು. ಬಡಿಯುವುದಿಲ್ಲವೆಂದರೆ ಗುಂಪು ಹೋಯಿತು. ಬಡಿದರೆ ಸೂರು ಹೋಯಿತು, ಇಂದಲ್ಲ ನಾಳೆ ಹೆಸರೂ ಹೋಯಿತು. ಸಂಜೆ ಎದ್ದು ಏಕಾಂತಯ್ಯನ ಅಂಗಡಿಗೆ ಹೋದಳು.

"ಬಡೀತೀವಿ ಸಾವ್ಕಾರ್ರೇ. ಆದ್ರೆ ಮೋಲ್ಡು ಹಾಕಿದ ಮ್ಯಾಲೆ ಒಂದು ಅಮಾಸೆಯಿಂದ ಇನ್ನೊಂದು ಅಮಾಸೆಗಂಟ ಪಾತಿ ಕಟ್ಟಿ ನೀರು ನಿಲ್ಲಿಸ್ಬೇಕು, ಆ ನೀರು ನಾವೇ ಹೊರ್ತೀವಿ. ಅಷ್ಟ್ರೊಳಗೆ ಮ್ಯಾಲೆ ಬೆಕ್ಕು ಹತ್ತಿದ್ರೂ ನಾನು ಬಡಿಮಣೆ ಮುಟ್ಟಾಕಿಲ್ಲ."

ಏಕಾಂತಯ್ಯ ಒಪ್ಪಿದ. ಅಷ್ಟೊಂದು ನಿಷ್ಠೆಯಿರುವ ಕೆಲಸದಲ್ಲಿ ಗುಟ್ಟಿರಲೇಬೇಕೆಂದು ಅವನ ವ್ಯಾಪಾರಿ ಬುದ್ಧಿ ಹೇಳಿತು. ಬೋರಮ್ಮನ ಹೆಂಗಸರು ದಿನವೂ ಕೊಡ ಹೊತ್ತು ಏಣಿ ಹತ್ತಿದರು. ತಾರಸಿ ಬಡಿಯುವುದಕ್ಕಿಂತ ಹೆಚ್ಚು ದಿನದ ಕೂಲಿಯಾಯಿತು. ಬೆಕ್ಕನ್ನು ಓಡಿಸಲು ಏಕಾಂತಯ್ಯ ತಾನೇ ಕೋಲು ಹಿಡಿದು ಕೂತಿದ್ದನ್ನು ಊರೆಲ್ಲ ನೋಡಿತು. ಇನ್ನೊಂದು ಅಮಾವಾಸ್ಯೆಗೆ, ಬಂಡೆಯಂತಾಗಿದ್ದ ಆ ಸೂರಿನ ಮೇಲೆ ಹೆಂಗಸರು ಸಾಲಾಗಿ ಕೂತು ಪದ ಹೇಳುತ್ತಾ ಬಡಿದರು. ಅದಕ್ಕೆ ಏನೂ ಆಗಲಿಲ್ಲ. ಗಂಟೆಯಂತೆ ಕೇಳಿತು. ಬೀದಿಯಲ್ಲಿ ನಿಂತಿದ್ದ ವರದರಾಜನ ಬಾಯಿ ತೆರೆದದ್ದು ತೆರೆದೇ ಇತ್ತು. ಮೇಲಿನಿಂದ ಬೋರಮ್ಮ ಕತ್ತು ಓರೆ ಮಾಡಿ ಕೇಳಿ, ಆಯಿತು ಎಂದಳು.

ವರದರಾಜನಿಗೆ ಮುಂದಿನ ಮೋಲ್ಡಿನ ಕೆಲಸ ಸಿಕ್ಕಿದ್ದು ಹಳೇಬೀಡಿನಲ್ಲಿ. ನೀರು ಹೊರುವುದಕ್ಕೂ ಆಮೇಲೆ ಬಡಿಯುವುದಕ್ಕೂ ಬೋರಮ್ಮನವರೇ ಆಗಬೇಕೆಂದು ಈ ಸಲ ಅವನೇ ಮೊದಲು ಹೇಳಿಟ್ಟಿದ್ದ. ಲಾರಿಯಲ್ಲಿ ಸಿಮೆಂಟಿನ ಮೂಟೆಗಳ ಮೇಲೆ ಬೋರಮ್ಮನ ಗುಂಪು ಪೂರ್ತಿ ಕೂತಿತ್ತು, ಮಹದೇವಮ್ಮ ಡ್ರೈವರನ ಪಕ್ಕದ ಜಾಗಕ್ಕೆ ಜಗಳವಾಡುತ್ತಿದ್ದಳು.